ಐಸ್ ಬೀರುವಿನೊಳಗಿನ ದೀಪ

ಟಕ್.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕ್. ಆಮೇಲೆ ಬೇಗಬೇಗ ಎರಡು ಸಲ, ಟಕ್, ಟಕ್.

ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ದೇವಯ್ಯ ತಲೆ ಎತ್ತಿದ. ಗೋಡೆಯ ಆಚೆ ಅಡುಗೆಮನೆ. ಆ ಸದ್ದು ಅಲ್ಲಿದ್ದ ಐಸ್ ಬೀರುವಿನ ಹಿಡಿಯದು. ಫ್ರಿಜ್ಜು ಎಂಬ ಹೆಸರು ಊರಿಗೆ ಬಂದು ಕೆಲವು ವರ್ಷಗಳಾಗಿದ್ದರೂ ಆ ಮನೆಯ ಹಿರಿಯಮ್ಮ ಪುಟ್ಟಬಸಮ್ಮನವರು ಇಟ್ಟ ಹೆಸರೇ ಎಲ್ಲರ ಬಾಯಲ್ಲೂ ನಿಂತಿತ್ತು. ಹಿಡಿ ಎಳೆದರೆ ಒಂದು ಟಕ್, ದೂಡಿ ಮುಚ್ಚಿದರೆ ಇನ್ನೊಂದು. ಹಾಲು ತೆಗೆಯುವವರು ಒಮ್ಮೆ ತೆರೆಯುತ್ತಾರೆ, ಒಮ್ಮೆ ಮುಚ್ಚುತ್ತಾರೆ. ಹೀಗೆ ತೆರೆದು ಮುಚ್ಚಿ, ಮತ್ತೆ ತೆರೆದು ಮುಚ್ಚಿ ನೋಡುವುದು ಒಳಗಿನ ದೀಪ ಹತ್ತದಿದ್ದಾಗ ಮಾತ್ರ.

ಮಂಗಳವಾರ ಆ ದೀಪವನ್ನು ಕೂರಿಸಿದವನು ಅವನೇ. ಇವತ್ತು ಶುಕ್ರವಾರ.

ಅವನು ಬಂದದ್ದು ದೀಪಕ್ಕಾಗಿ ಅಲ್ಲ, ಒಂದು ಕಾಗದಕ್ಕಾಗಿ. ವೈರ್‌ಮನ್ ಪರ್ಮಿಟ್ಟಿನ ಪರೀಕ್ಷೆಗೆ ಅರ್ಜಿ ಕೊಡಲು ನಾಳೆ ಶನಿವಾರ ಮಧ್ಯಾಹ್ನ ಕೊನೆ. ಅರ್ಜಿಯ ಜೊತೆ ಒಬ್ಬ ಎಂಜಿನಿಯರನ ರುಜು ಇರುವ ಪತ್ರ ಬೇಕು: ಇವನು ಹತ್ತು ವರ್ಷ ತಂತಿಯ ಕೆಲಸ ಮಾಡಿದ್ದಾನೆ, ಇವನನ್ನು ನಂಬಿ ಕೆಲಸ ಒಪ್ಪಿಸಬಹುದು. ದೇವಯ್ಯನಿಗೆ ಅಂಥ ಪತ್ರ ಕೊಡಬಲ್ಲವರು ಮೈಸೂರಿನಲ್ಲಿ ಒಬ್ಬರೇ ಇದ್ದರು. ಅವನು ಕಂಬ ಹತ್ತುತ್ತಿದ್ದ ಕಾಲದಲ್ಲಿ ಕಂಬದ ಕೆಳಗೆ ಕೊಡೆ ಹಿಡಿದು ನಿಂತಿರುತ್ತಿದ್ದ, ಈಗ ನಿವೃತ್ತರಾಗಿ ಲಕ್ಷ್ಮೀಪುರಂನ ಈ ಮನೆಯಲ್ಲಿರುವ ಶಿವಮಲ್ಲಪ್ಪನವರು. ಐವತ್ತೆರಡನೇ ಇಸವಿಯಲ್ಲಿ ಕೇಳಿದಾಗ "ಮುಂದಿನ ಸಲ ನೋಡೋಣ" ಅಂದರು. ಐವತ್ತೈದರಲ್ಲೂ ಅದನ್ನೇ ಅಂದರು. ಈಗ ಐವತ್ತೆಂಟು. ಪರೀಕ್ಷೆಗೆ ನಲವತ್ತೈದು ವಯಸ್ಸಿನ ಗಡಿ ಇದೆ. ದೇವಯ್ಯನಿಗೆ ಬರುವ ತಿಂಗಳು ಅದು ದಾಟುತ್ತದೆ. ಅವನಿಗೆ ಇನ್ನು ಮುಂದಿನ ಸಲ ಎಂಬುದಿಲ್ಲ.

ಅವನ ಅಪ್ಪ ಕಾಳಯ್ಯ ಕುದುರೆಲಾಯಕ್ಕೆ ಹುಲ್ಲು ಹೊರುತ್ತಿದ್ದವನು. ದೇವಯ್ಯ ಹದಿನಾರರಲ್ಲಿ ಕಂಬದ ಗುಂಡಿ ತೋಡಲು ಸೇರಿಕೊಂಡ. ಗುಂಡಿಯೊಳಗೆ ನಿಂತು ಮೇಲಕ್ಕೆ ನೋಡುತ್ತ ನೋಡುತ್ತ ತಂತಿಯ ಕೆಲಸ ಕಲಿತ. ಒಂದು ದಿನ ವೈರ್‌ಮನ್ನನಿಗೆ ಬಿಸಿಲಿಗೆ ತಲೆ ಸುತ್ತು ಬಂದು ಕೆಳಗಿಳಿದಾಗ ಇವನು ಗುದ್ದಲಿ ಬಿಟ್ಟು ಮೇಲೆ ಹತ್ತಿದ. ಅಂದಿನಿಂದ ಹತ್ತುವ ಕೆಲಸ ಅವನದಾಯಿತು, ಬರೆಯುವ ಹೆಸರು ಮಾತ್ರ ಇನ್ನೊಬ್ಬರದಾಯಿತು. ಹಾಜರಿ ಪುಸ್ತಕದಲ್ಲಿ ಕೊನೆಯವರೆಗೂ ಅವನು ಮಜೂರ. ಲಷ್ಕರ್ ಮೊಹಲ್ಲಾದ ಹಿಂದಿನ ಸಾಲಿನಲ್ಲಿರುವ ಅವನ ಸ್ವಂತ ಮನೆಗೆ ಅವನೇ ತಂತಿ ಎಳೆದು ದೀಪ ಹಾಕಿಕೊಂಡಾಗಲೂ, ಕೆಲಸ ಸರಿಯಾಗಿದೆಯೆಂದು ಕಾಗದದಲ್ಲಿ ರುಜು ಮಾಡಿದವನು ಪರ್ಮಿಟ್ಟಿದ್ದ ಮಹದೇವು. ಆ ಮಹದೇವು ಮನೆಯೊಳಗೆ ಕಾಲಿಡದೆ, ಸೈಕಲ್ಲಿನಿಂದ ಇಳಿಯದೆ, ಗೋಡೆಗೆ ಕಾಗದ ಒತ್ತಿಹಿಡಿದು ಬರೆದುಕೊಟ್ಟು ಹೋಗಿದ್ದ. ದೇವಯ್ಯನ ಹೆಂಡತಿ ಚೆಲುವಮ್ಮ ಆ ದೀಪ ಹತ್ತಿಸುವಾಗಲೆಲ್ಲ, "ಮಹದೇವಪ್ಪನೋರ ದೀಪ ಹತ್ತುಸ್ಲಾ?" ಎಂದು ಗಂಡನನ್ನು ಕೇಳುತ್ತಿದ್ದಳು. ಮೊದಮೊದಲು ಅವನು ನಗುತ್ತಿದ್ದ.

ಲಕ್ಷ್ಮೀಪುರಂನ ಎಷ್ಟೋ ಮನೆಗಳ ಗೋಡೆಯೊಳಗೆ ಅವನ ತಂತಿ ಓಡಿದೆ. ಆದರೆ ದೇವರಮನೆ, ಅಡುಗೆಮನೆ ಎರಡಕ್ಕೂ ಅವನು ಹೊರಗಿನವನು. ಈ ಮನೆಗೆ ತಂತಿ ಹಾಕಿದಾಗ ಅವನು ಹಿತ್ತಿಲ ಕಡೆಯಿಂದ ಗೋಡೆಗೆ ತೂತು ಹೊಡೆದು ತಂತಿಯನ್ನು ಒಳಕ್ಕೆ ತೂರಿಸಿದ. ಒಳಗೆ ಬಲ್ಬು ಸಿಕ್ಕಿಸಿದವನು ಮಹದೇವು. ಹಾಗಾಗಿ ಈ ಮನೆಯ ಅಡುಗೆಮನೆಯ ಸ್ವಿಚ್ಚು ಇರುವುದು ಹೊರಗೆ, ಒಗೆಯುವ ಕಲ್ಲಿನ ಮೇಲಿನ ಗೋಡೆಯಲ್ಲಿ. ಬಂದ ನೆಂಟರು ಇದೇನೋ ಎಂಜಿನಿಯರರ ಹೊಸ ಉಪಾಯವಿರಬೇಕೆಂದು ಮೆಚ್ಚಿಕೊಂಡು ಹೋಗುತ್ತಾರೆ.

ಐಸ್ ಬೀರು ಈ ಮನೆಗೆ ಬಂದದ್ದು ನಲವತ್ತೇಳರಲ್ಲಿ. ಊರಿಗೆ ಹೊರಟುನಿಂತ ಬಿಳಿಯ ಅಧಿಕಾರಿಯೊಬ್ಬರು ಹರಾಜು ಹಾಕಿದ ಸಾಮಾನಿನಲ್ಲಿ ಅದೂ ಇತ್ತು. ಮನುಷ್ಯನೆತ್ತರದ ಬಿಳಿಯ ಪೆಟ್ಟಿಗೆ, ಕುದುರೆಗಾಡಿಯ ಬಾಗಿಲಿಗಿದ್ದಂಥ ದಪ್ಪ ಹಿಡಿ. ಬಾಗಿಲು ತೆರೆದೊಡನೆ ಒಳಗೊಂದು ದೀಪ ತಾನಾಗಿ ಹತ್ತುತ್ತಿತ್ತು. ಲಿಂಗಪೂಜೆಯ ಹಾಲು ಮೈಲಿಗೆಯಾಗದೆ, ಕೆಡದೆ ಇರುತ್ತದೆಂಬ ಒಂದೇ ಕಾರಣಕ್ಕೆ ಪುಟ್ಟಬಸಮ್ಮನವರು ಅದನ್ನು ಅಡುಗೆಮನೆಗೆ ಸೇರಿಸಿಕೊಂಡಿದ್ದರು. ಈಗ ಅವರಿಗೆ ಎಪ್ಪತ್ತೆಂಟು. ಎರಡು ಕಣ್ಣಿಗೂ ಪೊರೆ ಬಂದಿದೆ. ಆ ದೀಪ ಹತ್ತಿದರೆ ಹಾಲು ಯಾವುದು, ಮಜ್ಜಿಗೆ ಯಾವುದು ಎಂದು ಪಾತ್ರೆಯ ಹೊಳಪಿನಲ್ಲಿ ಗುರುತು ಹಿಡಿಯುತ್ತಾರೆ. ಪೂಜೆಯ ಹಾಲಿಗೆ ಸೊಸೆಯ ಕೈಯನ್ನೂ ಸೇರಿಸುವವರಲ್ಲ.

ಎರಡು ತಿಂಗಳ ಹಿಂದೆ ದೀಪ ಕೆಟ್ಟಿತು. ಬಲ್ಬು ಕಿರುಬೆರಳಿನಷ್ಟು ಸಣ್ಣದು, ಬುಡದಲ್ಲಿ ತಿರುಪಿನ ಹಲ್ಲು. ಅದು ಕೂರುವ ಪಿಂಗಾಣಿಯ ಹೋಲ್ಡರು ಎರಡು ಹೋಳಾಗಿತ್ತು. ಶಿವಮಲ್ಲಪ್ಪನವರು ಮದರಾಸಿನ ಏಜೆಂಟರಿಗೆ ಕಾಗದ ಬರೆದರು. ಆ ಮಾದರಿಯ ಬಲ್ಬು, ಹೋಲ್ಡರು ಎರಡನ್ನೂ ತಯಾರಿಸುವುದು ನಿಂತು ಏಳು ವರ್ಷವಾಯಿತು, ತಾವು ಹೊಸ ಪೆಟ್ಟಿಗೆ ಕೊಳ್ಳುವುದು ಲೇಸು ಎಂದು ಉತ್ತರ ಬಂತು. ಆಗ ಅವರು ದೇವಯ್ಯನನ್ನು ಕರೆಸಿದರು.

"ಇದನ್ನ ಹತ್ತಿಸಿಬಿಡು ದೇವಯ್ಯ. ಅದೇ ನಿನ್ನ ಪರೀಕ್ಷೆ ಅಂದ್ಕೋ. ಹತ್ತಿದ ದಿನ ನಿನ್ನ ಕಾಗದಕ್ಕೆ ನನ್ನ ರುಜು" ಅಂದಿದ್ದರು.

ಬೀರುವನ್ನು ನಾಲ್ಕು ಜನ ಹೊತ್ತು ಹಿತ್ತಿಲಿಗೆ ತಂದು ಚಪ್ಪಡಿಯ ಮೇಲೆ ನಿಲ್ಲಿಸಿದರು. ಹನ್ನೊಂದು ವರ್ಷ ಗೋಡೆಯ ಆಚೆಯಿಂದ ಸದ್ದಿನಲ್ಲಿ ಮಾತ್ರ ಬಲ್ಲ ಪೆಟ್ಟಿಗೆಯ ಮುಖವನ್ನು ದೇವಯ್ಯ ಅಂದು ಮೊದಲ ಸಲ ನೋಡಿದ. ಬಾಗಿಲು ತೆರೆದ. ಒಳಗಿನಿಂದ ಹಳೆಯ ಹಾಲಿನ, ತಣ್ಣನೆಯ ಕಬ್ಬಿಣದ ವಾಸನೆ ಬಂತು. ದೀಪ ಇದ್ದ ಜಾಗ ಒಂದು ಸಣ್ಣ ಗೂಡು, ಹಕ್ಕಿಗೂಡಿನಷ್ಟು. ಅಂಗಡಿಯಲ್ಲಿ ಸಿಗುವ ಯಾವ ಹೋಲ್ಡರೂ ಅದರಲ್ಲಿ ಹಿಡಿಸುವುದಿಲ್ಲ.

ಎಂಟು ದಿನ ಅವನು ಲಷ್ಕರ್ ಮೊಹಲ್ಲಾದ ಗುಜರಿ ಅಂಗಡಿಗಳನ್ನು ಸುತ್ತಿದ. ಒಂದು ಹಿತ್ತಾಳೆಯ ಹೋಲ್ಡರನ್ನು ಅರ್ಧಕ್ಕೆ ಕೊಯ್ದು, ಅರದಿಂದ ತೀಡಿ ಮೋಟು ಮಾಡಿದ. ಮರದಲ್ಲಿ ದಂತ ಕೂರಿಸುವ ಬಡಗಿಯೊಬ್ಬನ ಬಳಿ ಬೀಟೆಮರದ ಚೂರು ಬೇಡಿ ತಂದು, ಗೂಡಿನ ಅಳತೆಗೆ ಬಿಲ್ಲೆಯಂತೆ ಕೆತ್ತಿ, ಹೋಲ್ಡರನ್ನು ಅದರಲ್ಲಿ ಕೂರಿಸಿದ. ಕೆಟ್ಟ ಇಸ್ತ್ರಿಪೆಟ್ಟಿಗೆಯ ಹೊಟ್ಟೆಯಿಂದ ಕರೆಂಟು ತಡೆಯುವ ಕಾಗೆಬಂಗಾರದ ಹಾಳೆ ಬಿಡಿಸಿ ತಂತಿಗೂ ಮರಕ್ಕೂ ನಡುವೆ ಹಾಸಿದ. ತಣ್ಣನೆಯ ಪೆಟ್ಟಿಗೆಯೊಳಗೆ ಗೋಡೆ ಬೆವರುತ್ತದೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಬಿಲ್ಲೆಯ ಹಿಂಬದಿಗೂ ಅಂಚಿಗೂ ಅರಗು ಕಾಯಿಸಿ ಮೂರು ಸಲ ಬಳಿದ. ಹಿಂದಿನಿಂದ, ಪಕ್ಕದಿಂದ, ಕೆಳಗಿನಿಂದ ಒಂದು ಹನಿ ನೀರೂ ಒಳಗೆ ಬರದಂತೆ ಎಲ್ಲ ದಾರಿಯನ್ನೂ ಮುಚ್ಚಿದ. ಬಲ್ಬು ಕೂರುವ ಬಾಯಿಯನ್ನು ಮುಚ್ಚಲು ಬರುವುದಿಲ್ಲ. ಅಲ್ಲಿಗೆ ನೀರು ತಂದು ಹಾಕುವವರು ಯಾರಿದ್ದಾರೆ?

ಮಂಗಳವಾರ ಮಧ್ಯಾಹ್ನ ಹಿತ್ತಿಲಿಗೆ ಉದ್ದನೆಯ ತಂತಿ ಎಳೆದು, ಜೀರೋ ಬಲ್ಬು ಸಿಕ್ಕಿಸಿ, ಬೀರುವಿನ ಬಾಗಿಲು ತೆರೆದ. ಬಿಸಿಲಿನಲ್ಲೂ ಆ ಬೆಳಕು ಕಾಣಿಸಿತು. ಕೋಳಿಮೊಟ್ಟೆಯೊಳಗಿನ ಹಳದಿಯ ಹಾಗೆ ಎಳೆಯ ಬೆಳಕು. ಪುಟ್ಟಬಸಮ್ಮನವರು ಬಾಗಿಲಲ್ಲೇ ನಿಂತು ಕಣ್ಣಿನ ಮೇಲೆ ಕೈ ಮರೆಮಾಡಿ ನೋಡಿದರು.

"ಕಾಣ್ತದೆ ಕಣಪ್ಪ! ಒಳಗಡೆ ತಟ್ಟೆ ಕೂಡ ಕಾಣ್ತದೆ. ಏನ್ ಕೈಯೋ ನಿಂದು! ನೂರು ವರ್ಷ ಬಾಳು ಮಗಾ" ಅಂದರು.

ಶಿವಮಲ್ಲಪ್ಪನವರು, "ಶುಕ್ರವಾರ ಬಾ. ಬರೆದಿಟ್ಟಿರ್ತೀನಿ" ಅಂದರು.

ಈ ದಿನ ಬೆಳಿಗ್ಗೆ ಹೊರಡುವಾಗ ಚೆಲುವಮ್ಮ ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯನ್ನು ನಾಳೆಗೆಂದು ಗೂಟಕ್ಕೆ ನೇತುಹಾಕಿ ಹೇಳಿದ್ದಳು: "ಕಾಗ್ದ ಕೈಗೆ ಬರೋಗಂಟ ಅವರ ಮನೆ ಕಾಪಿ ಕುಡೀಬ್ಯಾಡ. ಎರಡ್ಸಲಾನೂ ಕಾಪಿ ಕುಡ್ಕೊಂಡು ಬರಿಗೈಲಿ ಬಂದೆ. ಕಾಪಿ ಕೊಟ್ಬುಟ್ರೆ ಲೆಕ್ಕ ಮುಗೀತು ಅನ್ಕತರೆ ಅವರು."

"ನಿನ್ನ ಬಾಯಿ" ಎಂದು ನಕ್ಕು ಅವನು ಹೊರಟಿದ್ದ.

ಟಕ್.

ಅಡುಗೆಮನೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಶಿವಮಲ್ಲಪ್ಪನವರು ಹಿತ್ತಿಲ ಬಾಗಿಲಿಗೆ ಬಂದರು. ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಪತ್ರಿಕೆ, ಕೈಯಲ್ಲಿ ಮಡಿಸಿದ ಒಂದು ಹಾಳೆ. ಆ ಹಾಳೆಯನ್ನು ನೋಡಿ ದೇವಯ್ಯ ಎದ್ದು ನಿಂತ.

"ಬಂದ್ಯಾ? ನಾನೇ ಹೇಳಿಕಳಿಸೋಣ ಅಂತಿದ್ದೆ. ನಿನ್ನ ದೀಪ ಮೂರು ದಿನಾನೂ ನಿಲ್ಲಲಿಲ್ಲವಲ್ಲಯ್ಯ."

"ಸದ್ದು ಕೇಳುಸ್ತು ಬುದ್ಧಿ."

"ನಮಗೆ ಕಾಲೇಜಲ್ಲಿ ಮೀಟರ್ ಹಿಡ್ಕೊಂಡು ಕಂಡುಹಿಡಿಯೋದು ಹೇಳ್ಕೊಟ್ರು. ನೀನು ಗೋಡೆಗೆ ಕಿವಿ ಇಟ್ಟೇ ಕಂಡುಹಿಡೀತೀಯ!" ಎಂದು ಅವರು ನಕ್ಕರು. ನಗು ಬೇಗ ನಿಂತಿತು. "ನಗೋ ವಿಷಯ ಅಲ್ಲ. ಬೆಳಿಗ್ಗೆ ಅವ್ವ ಬಾಗಿಲು ತೆಗೀತಿದ್ದ ಹಾಗೇ ಚಟ್ ಅಂತಂತೆ, ಕತ್ತಲೆ. ಹಾಲು ಅಂದ್ಕೊಂಡು ಹುಳಿ ಮಜ್ಜಿಗೆ ತಗೊಂಡು ಹೋಗಿ ಲಿಂಗಕ್ಕೆ ಎರೆದುಬಿಟ್ಟಿದಾಳೆ. ಆಗಿನಿಂದ ಬಾಯಿಗೆ ನೀರು ಹಾಕಿಲ್ಲ."

ದೇವಯ್ಯ ಹಾಳೆಯಿಂದ ಕಣ್ಣು ತೆಗೆದು ಅಡುಗೆಮನೆಯ ಕಿಟಕಿಯ ಕಡೆ ನೋಡಿದ.

"ಕಾಗದ ಬರೆದೇ ಇಟ್ಟಿದೀನಿ, ನೋಡು. ನಂಬಿ ಕೆಲಸ ಒಪ್ಪಿಸಬಹುದು ಅಂತಲೂ ಬರೆದಿದೀನಿ. ಆದ್ರೆ ಈಗ ಯಾವ ಮುಖ ಇಟ್ಕೊಂಡು ರುಜು ಹಾಕಲಿ, ನೀನೇ ಹೇಳು?"

"ಒಂದ್ಸಲ ನೋಡ್ಬುಡ್ತೀನಿ ಬುದ್ಧಿ. ಬೀರುನ ಈಚೆಗೆ ಹೊರೋದೇನೂ ಬ್ಯಾಡ. ತಿರುಪು ಬಿಚ್ಚುದ್ರೆ ಬಿಲ್ಲೆ ಕೈಗೆ ಬತ್ತದೆ. ಅಮ್ಮಾವ್ರು ಬಿಚ್ಕೊಟ್ರೆ ಸಾಕು."

ಶಿವಮಲ್ಲಪ್ಪನವರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿ ಹೇಳಿ ಪಡಸಾಲೆಗೆ ಹೋದರು. ವಸಂತಮ್ಮ ಹೊಸ್ತಿಲಿಗೆ ಬಂದು, ದೇವಯ್ಯ ಕಲ್ಲಿನ ಮೇಲಿಟ್ಟ ಸ್ಕ್ರೂಡ್ರೈವರನ್ನು ಸೆರಗಿನಲ್ಲಿ ಎತ್ತಿಕೊಂಡು ಒಳಗೆ ಹೋದರು. ಅವನು ಕಿಟಕಿಯ ಕೆಳಗೆ ನಿಂತ.

"ಮೊದ್ಲು ಪ್ಲಗ್ಗು ಕಿತ್ಬುಡಿ ತಾಯಿ."

"ಕಿತ್ತೆ ಕಣಪ್ಪ."

"ಕಿತ್ತು ಎಲ್ಲಿ ಮಡಗಿದ್ರಿ?"

"ಕೈಯಲ್ಲೇ ಇದೆ. ಕಿಟಕೀಲಿ ತೋರಿಸ್ಲಾ?"

"ಬ್ಯಾಡಿ, ನೆಲದ ಮ್ಯಾಲೆ ಬುಡಿ. ಈಗ ಬಲ್ಬ ಒತ್ತಿ ಎಡಕ್ಕೆ ತಿರುಗ್ಸಿ."

"ಯಾರ ಎಡಕ್ಕೆ? ನಿನ್ನದಾ, ನನ್ನದಾ?"

"ಉಣ್ಣದ ಕೈ ಕಡೀಕೆ ತಾಯಿ."

ಒಳಗಿನಿಂದ ಸಣ್ಣ ನಗು ಕೇಳಿಸಿತು. ಹೀಗೇ ಒಂದೊಂದಾಗಿ ಅವನು ಹೇಳುತ್ತ ಹೋದ, ಅವರು ಮಾಡುತ್ತ ಹೋದರು. ಎರಡು ದೊಡ್ಡ ತಿರುಪು. ಹಿಂದೆ ಕೆಂಪು ತಂತಿಗೊಂದು, ಕಪ್ಪು ತಂತಿಗೊಂದು ಚಿಕ್ಕ ತಿರುಪು. ಕಡೆಯ ತಿರುಪಿಗೆ ವಸಂತಮ್ಮನವರ ಕೈ ಸೋತಿತು.

"ಎಷ್ಟು ಬಿಗಿದಿದೀಯಪ್ಪ! ಸಡಿಲಾಗೋದೇ ಇಲ್ಲ ಅಂತದೆ."

"ಬಿಗೀಬೇಕಲ್ಲ ತಾಯಿ" ಅಂದ ದೇವಯ್ಯ.

ವಸಂತಮ್ಮ ಬಂದು ಸ್ಕ್ರೂಡ್ರೈವರನ್ನು ಹೊಸ್ತಿಲಲ್ಲಿಟ್ಟು, ಬಿಲ್ಲೆಯನ್ನು ಅವನ ಅಂಗೈಯ ಮೇಲೆ ಒಂದು ಗೇಣು ಎತ್ತರದಿಂದ ಬಿಟ್ಟರು. ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿದ. ಹಿಂಬದಿಯ ಅರಗು ಬಳಿದ ಹಾಗೇ ಇತ್ತು, ಒಂದು ಬಿರುಕಿಲ್ಲ. ಆದರೆ ಬಾಯಿಯೊಳಗಿನ ಹಿತ್ತಾಳೆಗೆ ಹಸಿರು ಕಿಲುಬು ಹತ್ತಿತ್ತು. ಮೂರು ದಿನದಲ್ಲಿ ಹಿತ್ತಾಳೆ ಹೀಗೆ ಹಸಿರಾಗುವುದನ್ನು ಅವನು ಕಂಡಿರಲಿಲ್ಲ. ಬಲ್ಬಿಗೆ ಕರೆಂಟು ಮುಟ್ಟಿಸುವ ಎರಡು ಮೊಳೆಗಳ ನಡುವೆ, ಬೀಟೆಮರದ ಮೇಲೆ, ಬೇರು ಬಿಟ್ಟಂತೆ ಕಪ್ಪಗೆ ಸುಟ್ಟ ಒಂದು ಗೆರೆ.

ಅವನು ಅದನ್ನು ಮೂಗಿಗೆ ಹಿಡಿದ. ತಂತಿಯವನಿಗೆ ಮೂಗು ಮುಖ್ಯ. ರಬ್ಬರು ಸುಟ್ಟಿದೆಯೇ, ಬಟ್ಟೆ ಸುಟ್ಟಿದೆಯೇ, ಮರ ಸುಟ್ಟಿದೆಯೇ, ಅವನು ಕಣ್ಣು ಮುಚ್ಚಿಕೊಂಡು ಹೇಳಬಲ್ಲ. ಮರ ಸುಟ್ಟ ವಾಸನೆ ಇತ್ತು. ಅದರ ಕೆಳಗೆ ಇನ್ನೊಂದು ವಾಸನೆ. ಕೊಟ್ಟಿಗೆಯದು.

ಅವನು ಬಹಳ ಹೊತ್ತು ಮೂಗಿನಿಂದ ಅದನ್ನು ತೆಗೆಯಲಿಲ್ಲ.

"ತಾಯಿ, ಇದ್ಕೆ ಏನ್ ಹಾಕುದ್ರಿ?"

ವಸಂತಮ್ಮ ಹಿಂದಕ್ಕೆ ತಿರುಗಿ ನೋಡಿದರು. ದನಿ ತಗ್ಗಿಸಿದರು.

"ಅತ್ತೆಯೋರು ಕಣಪ್ಪ. ಮಂಗಳವಾರ ಬೀರು ಒಳಕ್ಕೆ ಬಂದಾಗ ಪೂರ್ತಿ ಗಂಜಲ ಚಿಮುಕಿಸಿ ಒರೆಸಿದ್ರು. ಒಳಗೂ ಒರೆಸಿದ್ರು. ಆಮೇಲೆ, ಅವನ ಕೈ ಜಾಸ್ತಿ ಆಡಿರೋದು ದೀಪದಲ್ಲೇ ಅಲ್ವೇನೇ ಅಂದು, ಬಲ್ಬು ಬಿಚ್ಚಿಸಿ ಅದರ ಬಾಯಿಗೇ ಮೂರು ಚಮಚ ಬಿಟ್ರು. ನಾನು ಬೇಡ ಅಂದೆ. ಆಮೇಲೆ ಬಟ್ಟೇಲಿ ಒತ್ತಿ ಒಣಗಿಸ್ದೆ. ಹತ್ತಿತಲ್ಲ, ಏನೂ ಆಗಲ್ಲ ಅಂದ್ಕೊಂಡೆ."

ದೇವಯ್ಯ ಬಿಲ್ಲೆಯನ್ನು ಅಂಗೈಯಲ್ಲಿ ತಿರುಗಿಸಿದ. ಅರಗಿನ ಮೇಲೆ ತನ್ನ ಹೆಬ್ಬೆರಳಿನ ಗುರುತು ಕಾಣುತ್ತಿತ್ತು. ಕಾದ ಅರಗನ್ನು ಒತ್ತಿದಾಗ ಬಿದ್ದದ್ದು. ಗಂಜಲದಲ್ಲಿ ಉಪ್ಪಿದೆ. ಉಪ್ಪು ಕುಡಿದ ಮರದ ಮೇಲೆ ಕರೆಂಟು ತಾನೇ ದಾರಿ ಮಾಡಿಕೊಂಡು ಹರಿದಿದೆ. ಕೆಲಸ ಕೆಟ್ಟಿರಲಿಲ್ಲ. ಕೈ ಮುಟ್ಟಿದ್ದನ್ನು ತೊಳೆಯಲು ಹೋಗಿ ಕೈಯ ಕೆಲಸವನ್ನೇ ತೊಳೆದಿದ್ದರು.

ಶಿವಮಲ್ಲಪ್ಪನವರು ಹಾಳೆಯನ್ನೂ ಪೆನ್ನನ್ನೂ ಹಿಡಿದುಕೊಂಡು ಹಿಂದಿರುಗಿದರು. "ಏನಂತೆ? ತಿರುಪು ಸಡಿಲಾಗಿತ್ತೋ?"

"ಮೂಸ್ ನೋಡಿ ಬುದ್ಧಿ."

ದೇವಯ್ಯ ಬಿಲ್ಲೆಯನ್ನು ಹಿಡಿದ ಕೈಯನ್ನು ಮುಂದಕ್ಕೆ ಚಾಚಿದ. ಅಷ್ಟು ಉದ್ದಕ್ಕೆ ಆ ಮನೆಯಲ್ಲಿ ಅವನು ಎಂದೂ ಕೈ ಚಾಚಿರಲಿಲ್ಲ. ಶಿವಮಲ್ಲಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. ಸರಿದದ್ದು ತಮಗೇ ತಿಳಿದು ಅಲ್ಲೇ ನಿಂತರು. ಮೂಸಬೇಕಾಗಿರಲಿಲ್ಲ. ಹಸಿರು ಕಿಲುಬು, ಸುಟ್ಟ ಗೆರೆ, ಹೆಂಡತಿಯ ತಗ್ಗಿದ ಮುಖ, ಮೂರನ್ನೂ ನೋಡಿದರು. ಮೂವತ್ತು ವರ್ಷ ಕರೆಂಟಿನ ಜೊತೆ ಬಾಳಿದವರು. ಇಲಾಖೆಯ ಹೊಸಬರಿಗೆ ಪಾಠ ಹೇಳಿದವರು. ಅವರ ಕಿವಿ ನಿಧಾನವಾಗಿ ಕೆಂಪಾಯಿತು.

"ಉಪ್ಪು..." ಎಂದು ಏನೋ ಹೇಳಹೊರಟವರು ಅರ್ಧಕ್ಕೇ ನಿಲ್ಲಿಸಿದರು.

ಬಾವಿಕಟ್ಟೆಯ ಮೇಲೆ ಒಂದು ಕಾಗೆ ಬಂದು ಕೂತಿತು, ಹೋಯಿತು.

"ನೋಡು ದೇವಯ್ಯ" ಎಂದು ಅವರು ಶುರುಮಾಡಿದರು. ದನಿ ಮೆತ್ತಗಿತ್ತು. "ಅವ್ವಂಗೆ ಎಪ್ಪತ್ತೆಂಟು. ಪೂಜೆ ಕೆಟ್ಟಿತು ಅಂತ ಬೆಳಿಗ್ಗೆಯಿಂದ ಉಪವಾಸ ಕೂತಿದಾಳೆ. ಅದಕ್ಕೆ ತಾನೇ ಕಾರಣ ಅಂತ ಗೊತ್ತಾದ್ರೆ ಇನ್ನು ಎಷ್ಟು ದಿನ ಕೂರ್ತಾಳೋ. ನಿನ್ನ ಕೆಲಸದಲ್ಲೇ ಏನೋ ಒಂದು ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡು. ಅಷ್ಟೇ. ನಾನು ಇಲ್ಲೇ, ನಿನ್ನ ಮುಂದೇನೇ ರುಜು ಹಾಕಿ ಕೊಡ್ತೀನಿ. ನಡೆದದ್ದು ಏನು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಸಾಕಲ್ಲ?"

ದೇವಯ್ಯ ಅವರ ಮುಖ ನೋಡಿದ. "ತಪ್ ಮಾಡ್ದೆ ಅಂತ ನಾನು ಹೇಳೋದು. ತಪ್ಪಿಲ್ದಂಗೆ ಕೆಲ್ಸ ಮಾಡ್ತಾನೆ ಅಂತ ತಾವು ಬರ್ಯೋದು. ಅಂಗೇ ಅಲ್ವಾ ಬುದ್ಧಿ?"

"ಕಾಗದ ಬೇರೆ, ಬಾಯಿಮಾತು ಬೇರೆ ಕಣೋ. ಬಾಯಿಮಾತು ಗಾಳೀಲಿ ಹೋಗ್ತದೆ."

ಅವನ ಕಣ್ಣ ಮುಂದೆ ಗೂಟಕ್ಕೆ ನೇತುಹಾಕಿದ ಅಂಗಿ ಬಂತು. ಹಾಗೆಯೇ, ಮಂಗಳವಾರ ಬಾಗಿಲಲ್ಲಿ ನಿಂತು ಕಣ್ಣಿಗೆ ಕೈ ಮರೆಮಾಡಿ ಬೆಳಕು ನೋಡಿದ ಆ ಮುದುಕಿಯ ಮುಖವೂ ಬಂತು. ನೂರು ವರ್ಷ ಬಾಳು ಮಗಾ ಅಂದದ್ದು ಸುಳ್ಳಾಗಿರಲಿಲ್ಲ. ಅದನ್ನು ಹೇಳಿ, ಆ ದಿನವೇ ಒಳಗೆ ಹೋಗಿ ಚಮಚ ಹುಡುಕಿದ್ದೂ ಸುಳ್ಳಾಗಿರಲಿಲ್ಲ. ಎರಡನ್ನೂ ಒಂದೇ ಮನಸ್ಸಿನಿಂದ ಮಾಡಿದ್ದರು. ಬೈದಿದ್ದರೆ ನುಂಗಬಹುದಿತ್ತು.

"ಕರೀರಿ ಬುದ್ಧಿ, ಹೇಳ್ತೀನಿ" ಅಂದ.

ಪುಟ್ಟಬಸಮ್ಮನವರು ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲ ಒಳಗೆ ನಿಂತರು. ಉಪವಾಸಕ್ಕೆ ತುಟಿ ಒಣಗಿತ್ತು.

"ಯಾರು, ದೇವಯ್ಯನಾ? ಏನಾಯ್ತಪ್ಪ ನಿನ್ನ ದೀಪ? ಅಷ್ಟು ಚೆಂದಾಗಿ ಹತ್ತಿತ್ತಲ್ಲೋ."

"ನಂದೇ ತಪ್ಪು ದೊಡ್ಡವ್ವಾರೆ. ತಿರುಪು ಸರ್ಯಾಗಿ ಬಿಗೀನಿಲ್ಲ."

ವಸಂತಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಆಚೆ ನೋಡಿದರು.

ಮುದುಕಿಯ ಮುಖ ಅರಳಿತು. ಎದೆಯ ಮೇಲೆ ಕೈ ಇಟ್ಟುಕೊಂಡು ಉಸಿರು ಬಿಟ್ಟರು. "ಅಷ್ಟೇನಾ? ಅಯ್ಯೋ ಶಿವನೇ! ನಾನೇ ಏನೋ ಅಪಚಾರ ಮಾಡ್ಬುಟ್ನೇನೋ ಅಂತ ಬೆಳಿಗ್ಗೆಯಿಂದ ಹೊಟ್ಟೆ ಉರೀತಿತ್ತು. ವಸಂತಾ, ಒಂದು ಲೋಟ ಬೆಲ್ಲದ ನೀರು ಕೊಡೇ, ಕುಡೀತೀನಿ. ದೇವಯ್ಯಂಗೂ ಕಾಫಿ ಕೊಡು, ಪಾಪ." ಆಮೇಲೆ ಮಗನ ಕಡೆ ಕಣ್ಣು ಕಿರಿದು ಮಾಡಿ, "ಅದೇನೋ ಬೆಳ್ಳಗೆ ಹಿಡ್ಕೊಂಡಿದ್ದೀಯಲ್ಲ ಮಲ್ಲಪ್ಪ, ಏನದು?" ಎಂದರು.

"ಏನಿಲ್ಲ ಅವ್ವ, ಒಂದು ಕಾಗದ. ದೇವಯ್ಯಂಗೆ ಪರ್ಮಿಟ್ಟಿಗೆ. ಇವನ ಕೆಲಸ ನಂಬಬಹುದು ಅಂತ."

"ಏನಂದೆ?"

"ಇವನೇ ಸ್ವಂತವಾಗಿ ಮನೆಗಳಿಗೆ ಕರೆಂಟು ಹಾಕಬಹುದು ಅಂತ."

ಪುಟ್ಟಬಸಮ್ಮನವರು ಗೋಡೆಯಿಂದ ಕೈ ತೆಗೆದು ನೆಟ್ಟಗೆ ನಿಂತರು. ಅವರು ಸಿಟ್ಟಿನ ಹೆಂಗಸಲ್ಲ. ಮಾತು ಬಂದಾಗಲೂ ಅದರಲ್ಲಿ ಸಿಟ್ಟಿರಲಿಲ್ಲ.

"ಬೇಡ ಕಣೋ ಮಲ್ಲಪ್ಪ. ಈಗ ತಾನೇ ಅವನೇ ಬಾಯಿಬಿಟ್ಟು ಹೇಳಿದ್ನಲ್ಲ, ತಿರುಪು ಬಿಗೀಲಿಲ್ಲ ಅಂತ. ನಮ್ಮನೇಲಿ ಮಜ್ಜಿಗೆಗೇ ಮುಗೀತು. ನಾಳೆ ಇನ್ಯಾರದೋ ಮನೇಲಿ ಮಗು ಮುಟ್ಟಿದ್ರೆ? ನಂಬಬಹುದು ಅಂತ ಬರೆದುಕೊಟ್ಟ ಕೈ ಯಾವುದು? ನ್ಯಾಯವಾಗಿ ಬಾಳಿದ ಮನೆ ಇದು. ಸುಳ್ಳಿಗೆ ರುಜು ಹಾಕಬೇಡ." ದೇವಯ್ಯನ ಕಡೆ ತಿರುಗಿದರು. ಪೊರೆ ಬಂದ ಕಣ್ಣು ಅವನನ್ನು ಹುಡುಕಿ ಅವನ ಭುಜದಾಚೆ ನಿಂತಿತು. "ನೀನು ಬೇಜಾರು ಮಾಡ್ಕೋಬೇಡ ಮಗಾ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಇನ್ನೊಂದೆರಡು ವರ್ಷ ಚೆನ್ನಾಗಿ ಕೆಲಸ ಕಲಿ. ಆಮೇಲೆ ನಾನೇ ಹೇಳಿ ಬರೆಸಿಕೊಡ್ತೀನಿ."

ದೇವಯ್ಯ ಶಿವಮಲ್ಲಪ್ಪನವರನ್ನು ನೋಡಿದ. ಬೇಕಾಗಿದ್ದದ್ದು ಒಂದೇ ಒಂದು ಮಾತು. ಅವ್ವ, ತಪ್ಪು ಇವನದಲ್ಲ. ಮೂರು ಪದ. ಅವನು ಕಾದ. ಕಂಬದ ತುದಿಯಲ್ಲಿ ನಿಂತು, ಕೆಳಗಿನಿಂದ ಲೈನ್ ಆಫ್ ಆಯಿತೆಂಬ ಕೂಗು ಬರುವವರೆಗೆ ಕೈಯನ್ನು ಗಾಳಿಯಲ್ಲೇ ಹಿಡಿದು ಎಷ್ಟೋ ಸಲ ಹೀಗೆಯೇ ಕಾದಿದ್ದ. ಆ ಕೂಗು ಹಾಕುತ್ತಿದ್ದವರು ಇವರೇ. ಎಂದೂ ತಪ್ಪಿಸಿದವರಲ್ಲ.

ಶಿವಮಲ್ಲಪ್ಪನವರು ಹಾಳೆಯನ್ನು ಇನ್ನೊಂದು ಮಡಿಕೆ ಮಡಿಸಿದರು. ಪೆನ್ನಿಗೆ ಮುಚ್ಚಳ ಇಟ್ಟು ಬಲಕ್ಕೆ ತಿರುಗಿಸತೊಡಗಿದರು. ಅದು ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದರು.

"ಅವ್ವ ಹೇಳೋದರಲ್ಲೂ..." ಎಂದರು. ಕಣ್ಣು ಒಗೆಯುವ ಕಲ್ಲಿನ ಮೇಲಿತ್ತು. "ನೋಡು ದೇವಯ್ಯ, ದುಡುಕೋದು ಬೇಡ. ವಯಸ್ಸಿನ ವಿಷಯ ನಾನು ಯಾರ ಹತ್ತಿರವಾದ್ರೂ ಮಾತಾಡ್ತೀನಿ. ಒಂದು ವರ್ಷ ಹೆಚ್ಚುಕಮ್ಮಿ ಆದ್ರೆ ನೋಡಿಯೂ ನೋಡದ ಹಾಗೆ ಬಿಡ್ತಾರೆ. ಸದ್ಯಕ್ಕೆ ನೀನು ಆ ಬಿಲ್ಲೆ ಇನ್ನೊಂದು ಮಾಡು. ಈ ಸಲ ಬಾಯಿಗೂ ಏನಾದರೂ ಒಂದು ಮುಚ್ಚಳದ ಹಾಗೆ..."

ದೇವಯ್ಯ ಬಿಲ್ಲೆಯನ್ನು ಒಗೆಯುವ ಕಲ್ಲಿನ ಮೇಲೆ, ಬಿಸಿಲು ಬೀಳುವ ಕಡೆ ಇಟ್ಟ. ತೊಳೆದ ಪಾತ್ರೆಯನ್ನು ನೀರು ಸೋರಲೆಂದು ಇಡುವ ಹಾಗೆ ಬಾಯಿ ಕೆಳಗೆ ಮಾಡಿ ಇಟ್ಟ. ಹೊಸ್ತಿಲಲ್ಲಿದ್ದ ಸ್ಕ್ರೂಡ್ರೈವರನ್ನು ಎತ್ತಿಕೊಂಡು ಪಂಚೆಗೆ ಒರೆಸಿ ಸೊಂಟಕ್ಕೆ ಸಿಕ್ಕಿಸಿದ.

ವಸಂತಮ್ಮ ಒಳಗಿನಿಂದ ಕಾಫಿ ತಂದು, ಅವನಿಗೆಂದು ಹಿತ್ತಿಲ ಗೋಡೆಯ ಗೂಡಿನಲ್ಲಿ ಬೋರಲು ಹಾಕಿದ್ದ ಲೋಟವನ್ನು ತಿರುಗಿಸಿ ಮೇಲಿನಿಂದ ಹೊಯ್ದರು. ಹಬೆ ಎದ್ದಿತು. ಅವನು ಅದರ ಪಕ್ಕದಲ್ಲೇ ಹಾದು ಹೋದ.

"ಕಾಫಿ ದೇವಯ್ಯ..."

"...ರಬ್ಬರಿಂದು ಒಂದು ಬಿರಡೆ ಮಾಡಿದ್ರೆ ಆಗ್ತದೆ, ನಾನೇ ಚಿತ್ರ ಬರೆದುಕೊಡ್ತೀನಿ" ಎಂದು ಶಿವಮಲ್ಲಪ್ಪನವರು ಹೇಳುತ್ತಲೇ ಇದ್ದರು. ದನಿ ಸ್ವಲ್ಪ ಜೋರಾಯಿತು. "ಸೋಮವಾರ ನಾಲ್ಕು ಜನಾನ ಕರೆಸಿ ಬೀರು ಈಚೆಗೆ ಇಡಿಸಿರ್ತೀನಿ. ನೀನು ಬೆಳಿಗ್ಗೆ ಬೇಗ ಬಂದ್ರೆ, ಬಿಸಿಲು ಏರೋದರೊಳಗೆ..."

ದೇವಯ್ಯ ಬಾವಿಯನ್ನು ಬಳಸಿಕೊಂಡು, ಅಡುಗೆಮನೆಯ ಸ್ವಿಚ್ಚಿದ್ದ ಗೋಡೆಯ ಪಕ್ಕದಿಂದ ಸಂದಿಗೆ ತಿರುಗಿ ನಡೆದುಬಿಟ್ಟ.